ನಿಮಗಿದು ಗೊತ್ತೇ? ಬಾಸ್ ಬಾಂದ್ರಾದಲ್ಲಿ, ಲ್ಯಾಬ್ ಬೇರೆಲ್ಲೋ!

ಬಾಂದ್ರಾ ಸ್ಟೇಷನ್ನಿನ ಪೂರ್ವಕ್ಕಿಳಿದು ಶೇರ್ ರಿಕ್ಷಾ ಹಿಡಿದು ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿಗೆ, ಅಂದರೆ ನಮ್ಮ ಬಾಯಲ್ಲಿ ಬಿಕೆಸಿಗೆ, ಹೋದರೆ ಗಾಜಿನ ಕಟ್ಟಡಗಳ ಮೇಲೆಲ್ಲ ಜಗತ್ತಿನ ದೊಡ್ಡ ಕಂಪನಿಗಳ ಹೆಸರು. ಆದರೆ ಈ ಕಂಪನಿಗಳ ಸಂಶೋಧನೆ ನಡೆಯುವ ಜಾಗ ಇದಲ್ಲ. ಬಹುರಾಷ್ಟ್ರೀಯ ಕಂಪನಿಯೊಂದು ತವರು ಬಿಟ್ಟು ಪರದೇಶದಲ್ಲಿ ಪ್ರಯೋಗಾಲಯ ಕಟ್ಟುವುದೇಕೆ? ಕಟ್ಟುವುದಾದರೂ ಈ ಊರನ್ನು ಬಿಟ್ಟು ಆ ಊರನ್ನು ಆರಿಸುವುದೇಕೆ? ಬಾಂದ್ರಾದಿಂದ ಹೊರಟು ಗೋರೆಗಾಂವ್, ಮುಲುಂಡ್, ಅಂಧೇರಿ ಸುತ್ತಿ, ಬೆಂಗಳೂರನ್ನೂ ಮುಟ್ಟಿ ಬರುವ ಸಂಗತಿಗಳು ಇಲ್ಲಿವೆ.

ಮೂರು ಕಂಪನಿ, ಒಂದೇ ಪಿನ್‌ಕೋಡ್
ಸ್ವಿಟ್ಜರ್ಲೆಂಡಿನ ನೊವಾರ್ಟಿಸ್, ಅಮೆರಿಕದ ಫೈಜರ್ ಮತ್ತು ಅಬಾಟ್ ಈ ಮೂರರ ಭಾರತೀಯ ಕಂಪನಿಗಳೂ ಕಚೇರಿ ಮಾಡಿಕೊಂಡದ್ದು ಬಿಕೆಸಿಯಲ್ಲಿ, 400051 ಪಿನ್‌ಕೋಡಿನಲ್ಲಿ. ಸಂಶೋಧನೆ ಮಾತ್ರ ಮೂರು ದಿಕ್ಕಿಗೆ ಚೆದುರಿದೆ. ನೊವಾರ್ಟಿಸ್‌ನ ದೊಡ್ಡ ಕೇಂದ್ರ ಹೈದರಾಬಾದಿನಲ್ಲಿ. ಫೈಜರ್ 2022ರಲ್ಲಿ ಔಷಧ ಅಭಿವೃದ್ಧಿ ಕೇಂದ್ರ ತೆರೆದದ್ದು ಚೆನ್ನೈನ ಐಐಟಿ ಮದ್ರಾಸ್ ರಿಸರ್ಚ್ ಪಾರ್ಕಿನಲ್ಲಿ. ಅಬಾಟ್ 2012ರಲ್ಲಿ ಪೌಷ್ಟಿಕ ಆಹಾರದ ಸಂಶೋಧನಾ ಕೇಂದ್ರ ಆರಂಭಿಸಿದ್ದು ಬೆಂಗಳೂರಿನಲ್ಲಿ, ಸಿಂಜೀನ್ ಕಂಪನಿಯ ಜೊತೆಗೂಡಿ. ಕಚೇರಿಗೆ ಬೇಕಾದದ್ದು ಬ್ಯಾಂಕು, ವಿಮಾನ ನಿಲ್ದಾಣ, ಷೇರುಪೇಟೆ. ಲ್ಯಾಬಿಗೆ ಬೇಕಾದದ್ದು ವಿಜ್ಞಾನಿಗಳು, ವಿಶ್ವವಿದ್ಯಾಲಯ, ಕೈಗೆಟುಕುವ ಜಾಗ. ಎರಡೂ ಒಂದೇ ಕಡೆ ಸಿಗುವುದು ಅಪರೂಪ.

ಜೌಗು ನೆಲದ ಬೆಲೆ
ಬಿಕೆಸಿ ಎದ್ದದ್ದು ಮೀಠಿ ನದಿಯ ಬದಿಯ ಜೌಗು ನೆಲದಲ್ಲಿ. ಸುಮಾರು 370 ಹೆಕ್ಟೇರಿನ ಈ ಪ್ರದೇಶಕ್ಕೆ ಎಂಎಂಆರ್‌ಡಿಎ 1977ರಲ್ಲಿ ವಿಶೇಷ ಯೋಜನಾ ಪ್ರಾಧಿಕಾರವಾಯಿತು. ದಕ್ಷಿಣ ಮುಂಬೈಯ ಕಚೇರಿಗಳ ಒತ್ತಡ ತಗ್ಗಿಸುವುದೇ ಉದ್ದೇಶ. ಷೇರುಪೇಟೆ, ಸೆಬಿ, ವಜ್ರದ ವ್ಯಾಪಾರ ಬಂದು ಸೇರಿದ ಮೇಲೆ ಇಲ್ಲಿನ ಚದರಡಿಯ ಬಾಡಿಗೆ ದೇಶದಲ್ಲೇ ದುಬಾರಿಯಾದವುಗಳಲ್ಲಿ ಒಂದೆನಿಸಿತು. ವರ್ಷಗಟ್ಟಲೆ ಫಲ ಕೊಡದೆ ಕೂರುವ ಪ್ರಯೋಗಾಲಯಕ್ಕೆ ಅಷ್ಟು ಬಾಡಿಗೆ ತೆರುವವರು ಯಾರು?

ಬಾಂದ್ರಾದಲ್ಲಿ ಬೀಫ್ ಇಲ್ಲದ ಬರ್ಗರ್
1996ರ ಅಕ್ಟೋಬರಿನಲ್ಲಿ ಮೆಕ್‌ಡೊನಾಲ್ಡ್ಸ್ ಭಾರತಕ್ಕೆ ಬಂತು. ದಿಲ್ಲಿಯ ವಸಂತ ವಿಹಾರದ ಬೆನ್ನಿಗೇ ಮುಂಬೈಯ ಮೊದಲ ಅಂಗಡಿ ತೆರೆದದ್ದು ಬಾಂದ್ರಾದ ಲಿಂಕಿಂಗ್ ರೋಡಿನಲ್ಲಿ. ಗೋಮಾಂಸವಾಗಲಿ ಹಂದಿಮಾಂಸವಾಗಲಿ ಇಲ್ಲದ ಮೆನು ಆ ಕಂಪನಿಗೆ ಹೊಸ ಅನುಭವ. ಮೊಟ್ಟೆಯಿಲ್ಲದ ಮೇಯೊನೇಸ್, ಆಲೂ ಟಿಕ್ಕಿಯ ಬರ್ಗರ್ ಇವೆಲ್ಲ ಇಲ್ಲಿಯವರಿಗಾಗಿಯೇ ರೂಪುಗೊಂಡವು. ಪರದೇಶದಲ್ಲಿ ಸಂಶೋಧನೆ ಮಾಡಲು ಅತಿ ಹಳೆಯ, ಅತಿ ಸರಳ ಕಾರಣ ಇದೇ: ತವರಿನ ಸರಕು ಇಲ್ಲಿಯ ನಾಲಗೆಗೆ ಒಗ್ಗುವುದಿಲ್ಲ.

ನೆಹರೂ ಉದ್ಘಾಟಿಸಿದ ಸ್ವಿಸ್ ಲ್ಯಾಬ್
ಇದಕ್ಕಿಂತ ದೊಡ್ಡ ಆಸೆ ಹೊತ್ತು ಬಂದದ್ದು ಬಾಸೆಲ್ ನಗರದ ಸೀಬಾ ಕಂಪನಿ. ಗೋರೆಗಾಂವ್‌ನಲ್ಲಿ ಅದು ಕಟ್ಟಿದ ಸಂಶೋಧನಾ ಕೇಂದ್ರವನ್ನು 1963ರ ಮಾರ್ಚ್‌ನಲ್ಲಿ ಪ್ರಧಾನಿ ನೆಹರೂ ಉದ್ಘಾಟಿಸಿದರು. ಮೊದಲ ನಿರ್ದೇಶಕರು ಟಿ. ಆರ್. ಗೋವಿಂದಾಚಾರಿ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಗಳ ಆಲ್ಕಲಾಯ್ಡ್‌ಗಳ ಮೇಲೆ ಕೆಲಸ ಮಾಡಿ ಹೆಸರಾದವರು. ಅವರು ಮದ್ರಾಸ್ ಬಿಟ್ಟು ಮುಂಬೈಗೆ ಬಂದರು. ಕಂಪನಿಗೆ ಬೇಕಿದ್ದದ್ದೂ ಅದೇ: ಇಲ್ಲಿಯ ಗಿಡಮೂಲಿಕೆ, ಇಲ್ಲಿಯ ರೋಗ, ಇಲ್ಲಿಯ ಪಂಡಿತರು.

ಬಾಲದಲ್ಲಿ 'ಗೋ'
ಸೀಬಾದ ಗೋರೆಗಾಂವ್ ಕೇಂದ್ರದಿಂದ ಹೊರಬಂದ ಸಂಯುಕ್ತಗಳ ಸಂಕೇತ ಸಂಖ್ಯೆಯ ಕೊನೆಗೆ 'ಗೋ' ಎಂಬ ಬಾಲವಿರುತ್ತಿತ್ತು. ಖಿನ್ನತೆಗೆ ಕೊಡುವ ನೈಟ್ರಾಕ್ಸಜೆಪಿನ್ ಹುಟ್ಟಿದ್ದು ಅಲ್ಲಿ. ಅದು ಸಿಂಟಾಮಿಲ್ ಎಂಬ ಹೆಸರಿನಲ್ಲಿ ಭಾರತದ ಔಷಧಿ ಅಂಗಡಿಗೆ ಬಂತು. ಆಮಶಂಕೆಗೆ ಕಾರಣವಾಗುವ ಅಮೀಬಾವನ್ನು ಕೊಲ್ಲುವ ಸ್ಯಾಟ್ರನಿಡಜೋಲ್ ಕೂಡ ಅಲ್ಲಿಯದೇ. ಹೊಸ ಔಷಧದ ಅಣುವೊಂದು ಭಾರತದ ನೆಲದಲ್ಲೇ ಹುಟ್ಟಿ ಮಾರುಕಟ್ಟೆ ಮುಟ್ಟಿದ ಆರಂಭದ ಉದಾಹರಣೆಗಳಲ್ಲಿ ಇವೂ ಸೇರುತ್ತವೆ.

ಉಪ್ಪಿನಕಾಯಿಯ ಬೇರು, ಜಪಾನಿನ ಹೃದಯ
ಜರ್ಮನಿಯ ಹೆಕ್ಸ್ಟ್ ಕಂಪನಿ 1972ರಲ್ಲಿ ಮುಲುಂಡ್‌ನಲ್ಲಿ ಸಂಶೋಧನಾ ಕೇಂದ್ರ ತೆರೆಯಿತು. ಭಾರತದ ಸಸ್ಯಗಳನ್ನು ಒಂದೊಂದಾಗಿ ಜಾಲಾಡುವುದು ಅಲ್ಲಿಯ ದೊಡ್ಡ ಕೆಲಸ. ಹಾಗೆ ಕೈಗೆ ಸಿಕ್ಕಿದ್ದು ಕೋಲಿಯಸ್ ಫೋರ್ಸ್ಕೋಲಿ. ನಮ್ಮಲ್ಲಿ ಮಕಂದಿ ಬೇರು, ಮಂಗನಿ ಬೇರು ಅನ್ನುತ್ತಾರೆ. ಗುಜರಾತಿಗಳು ಇದೇ ಬೇರನ್ನು ಗರ್ಮರ್ ಎಂದು ಕರೆದು ಉಪ್ಪಿನಕಾಯಿ ಹಾಕುತ್ತಾರೆ. ಈ ಬೇರಿನಿಂದ ಬೇರ್ಪಡಿಸಿದ ಫೋರ್ಸ್ಕೋಲಿನ್‌ನ ರಚನೆಯನ್ನು ಸುಜಾತಾ ಭಟ್ ಮತ್ತು ಸಂಗಡಿಗರು 1977ರಲ್ಲಿ ಪ್ರಕಟಿಸಿದರು. ಜೀವಕೋಶದೊಳಗೆ ಸಂದೇಶ ಸಾಗಿಸುವ ಒಂದು ಮುಖ್ಯ ಕಿಣ್ವವನ್ನು ಇದು ನೇರವಾಗಿ ಚುರುಕುಗೊಳಿಸುತ್ತದೆ ಎಂದು 1981ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದ ಮೇಲೆ ಜಗತ್ತಿನ ಜೀವಶಾಸ್ತ್ರ ಪ್ರಯೋಗಾಲಯಗಳಿಗೆಲ್ಲ ಫೋರ್ಸ್ಕೋಲಿನ್ ನಿತ್ಯದ ಸಾಮಗ್ರಿಯಾಯಿತು. ಅದರಿಂದ ರೂಪಿಸಿದ ಕೋಲ್ಫೋರ್ಸಿನ್ ಡ್ಯಾರೊಪೇಟ್ ಎಂಬ ಔಷಧಿಗೆ ಜಪಾನ್ 1999ರಲ್ಲಿ ತೀವ್ರ ಹೃದಯ ವೈಫಲ್ಯದ ಚಿಕಿತ್ಸೆಗಾಗಿ ಒಪ್ಪಿಗೆ ಕೊಟ್ಟಿತು.

ಪಶ್ಚಿಮ ಘಟ್ಟದ ಮರ, ಕ್ಯಾನ್ಸರ್ ಔಷಧಿ
ಅದೇ ಮುಲುಂಡ್ ಕೇಂದ್ರ ಪಶ್ಚಿಮ ಘಟ್ಟಗಳಲ್ಲಿ ಬೆಳೆಯುವ ಡೈಸಾಕ್ಸಿಲಮ್ ಬೈನೆಕ್ಟರಿಫೆರಮ್ ಎಂಬ ಮರದಲ್ಲಿ ರೋಹಿಟುಕಿನ್ ಎಂಬ ವಸ್ತು ಕಂಡುಕೊಂಡಿತು. ಅದನ್ನು ಮಾದರಿಯಾಗಿಟ್ಟು ತಯಾರಿಸಿದ ಫ್ಲೇವೊಪಿರಿಡಾಲ್, ಜೀವಕೋಶ ವಿಭಜನೆಯನ್ನು ತಡೆಯುವ ತನ್ನ ಗುಂಪಿನ ಔಷಧಗಳಲ್ಲಿ ಮನುಷ್ಯರ ಮೇಲೆ ಪ್ರಯೋಗಕ್ಕೆ ಹೋದ ಮೊಟ್ಟಮೊದಲನೆಯದು. ಕಾಡು ಇರುವಲ್ಲಿಗೆ ಲ್ಯಾಬ್ ಬರಲು ಇಷ್ಟು ಕಾರಣ ಸಾಲದೇ?

ಆ ಲ್ಯಾಬುಗಳು ಈಗೆಲ್ಲಿ?
ಸೀಬಾ ಮೊದಲು ಗೈಗಿಯೊಂದಿಗೆ ಸೇರಿತು, 1996ರಲ್ಲಿ ಸ್ಯಾಂಡೋಜ್ ಕೂಡಿಕೊಂಡು ನೊವಾರ್ಟಿಸ್ ಆಯಿತು. ಗೋರೆಗಾಂವ್‌ನ ವಾರಸುದಾರರು ಬಾಂದ್ರಾಕ್ಕೆ ಬಂದು ಕೂತದ್ದು ಹೀಗೆ. ಹೆಕ್ಸ್ಟ್‌ನ ಮುಲುಂಡ್ ಕೇಂದ್ರವನ್ನು 1998ರಲ್ಲಿ ನಿಕೋಲಸ್ ಪಿರಮಲ್ ಕೊಂಡಿತು. ಬಾಸೆಲ್‌ನಲ್ಲಿ, ಫ್ರಾಂಕ್‌ಫರ್ಟಿನಲ್ಲಿ ಕಂಪನಿಗಳು ಮದುವೆಯಾದರೆ ಮುಂಬೈಯ ಲ್ಯಾಬಿನ ಹಣೆಬರಹ ಬದಲಾಗುತ್ತದೆ.

1972: ಒಂದು ಕಾನೂನು
1970ರ ಪೇಟೆಂಟ್ ಕಾಯ್ದೆ ಜಾರಿಗೆ ಬಂದದ್ದು 1972ರ ಏಪ್ರಿಲ್‌ನಲ್ಲಿ. ಅದರ ಪ್ರಕಾರ ಔಷಧಿಗೆ ಪೇಟೆಂಟ್ ಇಲ್ಲ, ತಯಾರಿಸುವ ವಿಧಾನಕ್ಕೆ ಮಾತ್ರ. ಬೇರೆ ದಾರಿಯಿಂದ ಅದೇ ಮಾತ್ರೆ ಮಾಡಿದರೆ ತಪ್ಪಲ್ಲ. ಮುಂಬೈ, ಹೈದರಾಬಾದ್, ಅಹಮದಾಬಾದಿನ ದೇಶೀ ಔಷಧ ಉದ್ಯಮ ಬೆಳೆದದ್ದೇ ಈ ನೆಲದಲ್ಲಿ. ಹೊಸ ಅಣು ಹುಡುಕುವ ವಿದೇಶಿ ಕಂಪನಿಗೆ ಮಾತ್ರ ಭಾರತದ ಆಕರ್ಷಣೆ ತಗ್ಗಿತು. 2005ರ ಜನವರಿ 1ರಿಂದ ಔಷಧಿಗೇ ಪೇಟೆಂಟ್ ಕೊಡುವ ಪದ್ಧತಿ ಮರಳಿತು. ಬೌದ್ಧಿಕ ಆಸ್ತಿಗೆ ರಕ್ಷಣೆ ಎಷ್ಟು ಎಂಬುದು ಲ್ಯಾಬಿನ ಜಾಗ ಆರಿಸುವಾಗ ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು. ಆದರೆ ಅದೊಂದೇ ಪ್ರಶ್ನೆಯಲ್ಲ. ಹೆಕ್ಸ್ಟ್ ಮುಲುಂಡ್‌ಗೆ ಬಂದದ್ದು ಈ ಕಾನೂನು ಜಾರಿಯಾದ ವರ್ಷವೇ!

ಸೋಪಿಗೆ ತೌಡಿನ ಎಣ್ಣೆ
ಹಿಂದೂಸ್ತಾನ್ ಲಿವರ್ 1958ರಲ್ಲೇ ತನ್ನ ಮುಂಬೈ ಕಾರ್ಖಾನೆಯಲ್ಲಿ ಸಂಶೋಧನಾ ಘಟಕ ತೆರೆದಿತ್ತು. 1967ರಲ್ಲಿ ಅಂಧೇರಿಯಲ್ಲಿ ಸ್ವತಂತ್ರ ಸಂಶೋಧನಾ ಕೇಂದ್ರವೇ ಎದ್ದಿತು. ಆಗ ಖಾದ್ಯ ಎಣ್ಣೆಯ ಕೊರತೆ, ಆಮದಿಗೆ ಡಾಲರಿನ ಕೊರತೆ. ಊಟಕ್ಕೆ ಬೇಕಾದ ಎಣ್ಣೆಯನ್ನು ಸೋಪಿಗೆ ಸುರಿಯುವಂತಿರಲಿಲ್ಲ. ಬೇವು, ಹಿಪ್ಪೆ, ಸಾಲ್, ಅಕ್ಕಿ ತೌಡು ಇವುಗಳ ಎಣ್ಣೆಯ ಬಣ್ಣ ಮತ್ತು ವಾಸನೆ ತೆಗೆದು ಸೋಪಿಗೆ ಒಗ್ಗಿಸುವ ವಿದ್ಯೆಯನ್ನು ಇಲ್ಲಿಯ ರಸಾಯನಶಾಸ್ತ್ರಜ್ಞರೇ ಕಂಡುಕೊಳ್ಳಬೇಕಾಯಿತು. ತಾಳೆ ಎಣ್ಣೆ ಸಲೀಸಾಗಿ ಸಿಗುವ ಲಂಡನ್ನಿನ ತಾಯಿ ಕಂಪನಿ ಯೂನಿಲಿವರ್‌ಗೆ ಈ ಚಿಂತೆ ಇರಲಿಲ್ಲ.

ಶೇ. 51ರ ಗುಟ್ಟು
1973ರ ವಿದೇಶಿ ವಿನಿಮಯ ಕಾಯ್ದೆ, ಅಂದರೆ ಫೆರಾ, ವಿದೇಶಿ ಪಾಲನ್ನು ಸಾಮಾನ್ಯವಾಗಿ ಶೇ. 40ಕ್ಕೆ ಇಳಿಸಲು ಹೇಳಿತು. ಕೋಕಾ ಕೋಲಾ 1977ರಲ್ಲಿ, ಐಬಿಎಂ 1978ರಲ್ಲಿ ಗಂಟುಮೂಟೆ ಕಟ್ಟಿದವು. ಉನ್ನತ ತಂತ್ರಜ್ಞಾನ ಮತ್ತು ರಫ್ತು ತೋರಿಸಿದವರಿಗೆ ರಿಯಾಯಿತಿ ಇತ್ತು. ಯೂನಿಲಿವರ್ ಹಿಂದೂಸ್ತಾನ್ ಲಿವರ್‌ನಲ್ಲಿ ಶೇ. 51ರ ಪಾಲು ಉಳಿಸಿಕೊಂಡದ್ದು ಆ ದಾರಿಯಿಂದ. ಲ್ಯಾಬ್ ಕಟ್ಟಿದ್ದು ವಿಜ್ಞಾನಕ್ಕಾಗಿ ಇರಬಹುದು. ಸರ್ಕಾರದ ಮುಂದೆ ಅದು ಒಳ್ಳೆಯ ಜಾಮೀನೂ ಆಯಿತು.

ಅಂಧೇರಿಯ ಕೆನೆ, ಹೊರದೇಶದ ಅಂಗಡಿ
1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ ತಯಾರಾದದ್ದು ಇದೇ ಕಂಪನಿಯ ಭಾರತದ ಲ್ಯಾಬಿನಲ್ಲಿ, ನಯಾಸಿನಮೈಡ್ ಎಂಬ ಬಿ ಜೀವಸತ್ವದ ಆಧಾರದ ಮೇಲೆ. ಇಲ್ಲಿಂದ ಅದು ಏಷ್ಯಾ ಮತ್ತು ಆಫ್ರಿಕಾದ ಹಲವು ದೇಶಗಳಿಗೆ ಹೋಯಿತು. ಮೈಬಣ್ಣದ ಕೀಳರಿಮೆಯನ್ನು ಮಾರಾಟಕ್ಕಿಟ್ಟಿತು ಎಂಬ ಟೀಕೆಯೂ ಬೆನ್ನಿಗೇ ಹೋಯಿತು. 2020ರಲ್ಲಿ ಕಂಪನಿ ಹೆಸರಿನಿಂದ 'ಫೇರ್' ಪದವನ್ನೇ ಕಿತ್ತುಹಾಕಿತು. ಸ್ಥಳೀಯ ಬೇಡಿಕೆಗೆ ನಡೆದ ಸಂಶೋಧನೆಯೆಲ್ಲ ಸ್ಥಳೀಯರಿಗೆ ಒಳಿತೇ ಆಗಬೇಕೆಂದಿಲ್ಲ.

ಊಟಕ್ಕೆ ಹೋದಾಗ ಒಮ್ಮೆ ನೋಡಿ
ಮಾಟುಂಗಾ ಸ್ಟೇಷನ್ನಿನ ಬಳಿ ರಾಮಾ ನಾಯಕರ ಉಡುಪಿ ಊಟಕ್ಕೆ ಹೋಗುವ ಕನ್ನಡಿಗರು, 1933ರಲ್ಲಿ ಹುಟ್ಟಿದ ಯುಡಿಸಿಟಿ, ಈಗಿನ ಐಸಿಟಿ, ಅದೇ ಮಾಟುಂಗಾದಲ್ಲಿ ಇದೆಯೆಂಬುದನ್ನು ಮರೆಯುವುದೇ ಹೆಚ್ಚು. ಬಣ್ಣ, ಔಷಧಿ, ಎಣ್ಣೆ, ಸೋಪು ಕಂಪನಿಗಳಿಗೆಲ್ಲ ರಾಸಾಯನಿಕ ತಂತ್ರಜ್ಞರನ್ನು ಕೊಟ್ಟ ಸಂಸ್ಥೆ ಇದು. 1958ರಲ್ಲಿ ಐಐಟಿಯೂ ಶುರುವಾಗಿ ಮುಂದೆ ಪೊವಾಯಿಯಲ್ಲಿ ನೆಲೆಗೊಂಡಿತು. ಕೋಲ್ಗೇಟ್ ಕಂಪನಿಯ ಸಂಶೋಧನಾ ಕೇಂದ್ರದ ವಿಳಾಸವೂ ಪೊವಾಯಿಯ ಹಿರಾನಂದಾನಿ ಗಾರ್ಡನ್ಸ್. ಲ್ಯಾಬ್ ಮತ್ತು ಕಾಲೇಜು ಅಕ್ಕಪಕ್ಕ ಇರುವುದು ಕಾಕತಾಳೀಯವೇನಲ್ಲ.

ಬ್ಯಾಂಕೇ ಸಾಫ್ಟ್‌ವೇರ್ ಮಾಡಿತು
ಅಂಧೇರಿಯ ಸೀಪ್ಜ್ ರಫ್ತು ವಲಯ 1973ರಲ್ಲಿ ಶುರುವಾಯಿತು. 1985ರಲ್ಲಿ ಸಿಟಿ ಬ್ಯಾಂಕ್ ತನ್ನದೇ ಸಾಫ್ಟ್‌ವೇರ್ ಕಂಪನಿಯನ್ನು ಅಲ್ಲಿ ತೆರೆಯಿತು. ಅದೇ ಬಳ್ಳಿಯಲ್ಲಿ 1992ರಲ್ಲಿ ಚಿಗುರಿದ ಕಂಪನಿ ಮುಂದೆ ಐ-ಫ್ಲೆಕ್ಸ್ ಆಯಿತು. ಅದರ ಫ್ಲೆಕ್ಸ್‌ಕ್ಯೂಬ್ ಜಗತ್ತಿನ ಎಷ್ಟೋ ಬ್ಯಾಂಕುಗಳಿಗೆ ಹೋಯಿತು. 2005ರಲ್ಲಿ ಸಿಟಿ ತನ್ನ ಶೇ. 41ರ ಪಾಲನ್ನು ಒರಾಕಲ್‌ಗೆ ಮಾರಿ ಪಡೆದದ್ದು 59.3 ಕೋಟಿ ಡಾಲರ್. ಖರ್ಚು ಉಳಿಸಲೆಂದು ತೆರೆದ ಅಂಗಡಿ ಗಳಿಕೆಯ ಗಣಿಯಾಯಿತು.

ಮಿಲ್ಲರ್ಸ್ ರಸ್ತೆಯ ಮೊದಲಿಗರು
ಅದೇ 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್‌ನಲ್ಲಿ ಚಿಪ್ ವಿನ್ಯಾಸಕ್ಕೆ ಕೂತಿತು. ಕೆಲಸ ಅಮೆರಿಕ ತಲುಪಿದ್ದು ಉಪಗ್ರಹ ಸಂಪರ್ಕದ ಮೂಲಕ. ಮುಂಬೈ ಬಿಟ್ಟು ಬೆಂಗಳೂರೇ ಏಕೆ? ಭಾರತೀಯ ವಿಜ್ಞಾನ ಸಂಸ್ಥೆ, ಎಚ್‌ಎಎಲ್, ಐಟಿಐ, ಬಿಇಎಲ್‌ಗಳಿಂದಾಗಿ ಇಲೆಕ್ಟ್ರಾನಿಕ್ಸ್ ಬಲ್ಲ ಎಂಜಿನಿಯರುಗಳು ಅಲ್ಲಿ ಆಗಲೇ ಇದ್ದರು. ಸರ್ಕಾರ ದಶಕಗಟ್ಟಲೆ ಹಣ ಹಾಕಿ ಬೆಳೆಸಿದ ತಲೆಗಳ ಫಸಲು ಖಾಸಗಿಯವರಿಗೂ ಸಿಕ್ಕಿತು.

ಅವರು ಮಲಗಿದಾಗ ನಾವು ಎದ್ದಿರುತ್ತೇವೆ
ಚಳಿಗಾಲದಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ತವರು ಡಲ್ಲಾಸ್‌ಗೂ ಬೆಂಗಳೂರಿಗೂ ಹನ್ನೊಂದೂವರೆ ಗಂಟೆಯ ಅಂತರ. ಅಲ್ಲಿಯವರು ಸಂಜೆ ಬಿಟ್ಟ ಕೆಲಸವನ್ನು ಇಲ್ಲಿಯವರು ಬೆಳಿಗ್ಗೆ ಎತ್ತಿಕೊಳ್ಳುತ್ತಾರೆ. ಚಿಪ್ ವಿನ್ಯಾಸದಂಥ ಅವಸರದ ಕೆಲಸದಲ್ಲಿ ಗಡಿಯಾರವೂ ಒಂದು ಕಾರಣವೇ. ಇಂಟೆಲ್ 2008ರಲ್ಲಿ ಬಿಟ್ಟ ಆರು ಕೋರ್‌ಗಳ ಡನ್ನಿಂಗ್ಟನ್ ಜಿಯಾನ್ ಪ್ರೊಸೆಸರ್‌ನ ವಿನ್ಯಾಸ ನಡೆದದ್ದು ಬೆಂಗಳೂರಿನಲ್ಲಿ.

ಇಸಿಜಿ ಯಂತ್ರಕ್ಕೆ ಬಸ್ ಟಿಕೆಟ್ಟಿನ ಪ್ರಿಂಟರ್
ಜಿಇ ಕಂಪನಿ 2000ದಲ್ಲಿ ವೈಟ್‌ಫೀಲ್ಡ್‌ನಲ್ಲಿ ಜಾನ್ ಎಫ್. ವೆಲ್ಚ್ ತಂತ್ರಜ್ಞಾನ ಕೇಂದ್ರ ತೆರೆಯಿತು. ಬೆಂಗಳೂರಿನ ಎಂಜಿನಿಯರುಗಳು ಹಳ್ಳಿ ವೈದ್ಯರಿಗಾಗಿ ರೂಪಿಸಿದ ಮ್ಯಾಕ್ 400 ಇಸಿಜಿ ಯಂತ್ರ ಹೆಗಲ ಚೀಲದಲ್ಲಿ ಹಿಡಿಸುತ್ತದೆ, ಬ್ಯಾಟರಿಯಲ್ಲೂ ನಡೆಯುತ್ತದೆ. ಗುಂಡಿಗಳು ನಾಲ್ಕೇ. ದೊಡ್ಡ ಪ್ರಿಂಟರ್ ತೆಗೆದು ಟಿಕೆಟ್ ಕೊಡುವ ಯಂತ್ರದಲ್ಲಿರುವಂಥ ಪುಟ್ಟ ಪ್ರಿಂಟರ್ ಕೂರಿಸಿದರು. 2,000 ಡಾಲರಿನ ಮಾಮೂಲಿ ಯಂತ್ರದ ಜಾಗಕ್ಕೆ 800 ಡಾಲರಿನದು ಬಂತು. ಕರೆಂಟು ಯಾವಾಗ ಹೋಗುತ್ತದೋ ಎಂಬ ಆತಂಕ ಗೊತ್ತಿಲ್ಲದ ಊರಿನಲ್ಲಿ ಈ ಯಂತ್ರ ಹುಟ್ಟುವುದು ಕಷ್ಟ.

ಶ್ರೀಮಂತರೂ ಪರದೇಶಕ್ಕೆ ಹೋಗುತ್ತಾರೆ
ಲ್ಯಾಬ್ ಹೊರಗೆ ಹೋಗುವುದು ಅಗ್ಗದ ಸಂಬಳಕ್ಕೆ ಎಂದುಕೊಂಡಿದ್ದೀರಾ? ಐಬಿಎಂ 1956ರಲ್ಲೇ ದುಬಾರಿ ಜೂರಿಕ್‌ನಲ್ಲಿ ಲ್ಯಾಬ್ ತೆರೆಯಿತು. ಅಲ್ಲಿಯ ಬಿನ್ನಿಗ್ ಮತ್ತು ರೋರರ್‌ಗೆ 1986ರಲ್ಲಿ, ಬೆಡ್ನೋರ್ಜ್ ಮತ್ತು ಮ್ಯೂಲರ್‌ಗೆ 1987ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಅಮೆರಿಕದ ಕಂಪನಿಗೆ, ಸ್ವಿಸ್ ನೆಲದಲ್ಲಿ, ಸಾಲಾಗಿ ಎರಡು ವರ್ಷ!

ಕಂಪನಿಗಳನ್ನೇ ಕೇಳಿದರು
2006ರಲ್ಲಿ ಅಮೆರಿಕದ ನ್ಯಾಷನಲ್ ಅಕಾಡೆಮೀಸ್‌ಗಾಗಿ ಜೆರ್ರಿ ಮತ್ತು ಮೇರಿ ಥರ್ಸ್‌ಬಿ 200ಕ್ಕೂ ಹೆಚ್ಚು ಬಹುರಾಷ್ಟ್ರೀಯ ಕಂಪನಿಗಳನ್ನು ಈ ಬಗ್ಗೆ ವಿಚಾರಿಸಿದರು. ಭಾರತ, ಚೀನಾದಂಥ ದೇಶಗಳ ವಿಷಯದಲ್ಲಿ ಮುಂದೆ ನಿಂತ ಕಾರಣಗಳು ಬೆಳೆಯುವ ಮಾರುಕಟ್ಟೆ ಮತ್ತು ಒಳ್ಳೆಯ ಸಂಶೋಧಕರು. ಖರ್ಚಿನ ಉಳಿತಾಯವೂ ಲೆಕ್ಕಕ್ಕೆ ಬಂತು, ಆದರೆ ಪಟ್ಟಿಯ ತುದಿಗಲ್ಲ.

ಬಾಂದ್ರಾದ ಯುಪಿಐ, ಗೂಗಲ್‌ನ ಪಾಠ
ಯುಪಿಐ ನಡೆಸುವ ಎನ್‌ಪಿಸಿಐ ಪ್ರಧಾನ ಕಚೇರಿ ಇರುವುದೂ ಬಿಕೆಸಿಯಲ್ಲೇ. 2016ರಲ್ಲಿ ಯುಪಿಐ ಬಂತು. ಮರುವರ್ಷ ಗೂಗಲ್ 'ತೇಜ್' ಎಂಬ ಆ್ಯಪನ್ನು ಮೊದಲು ಭಾರತದಲ್ಲೇ ಬಿಟ್ಟು, 2018ರಲ್ಲಿ ಅದನ್ನು ಗೂಗಲ್ ಪೇ ಮಾಡಿತು. 2019ರಲ್ಲಿ ಅಮೆರಿಕದ ಫೆಡರಲ್ ರಿಸರ್ವ್‌ಗೆ ಪತ್ರ ಬರೆದು ಯುಪಿಐ ಮಾದರಿಯನ್ನು ನೋಡಿ ಎಂದಿತು. ಹೊಸತು ಮೊದಲು ತವರಲ್ಲಿ ಹುಟ್ಟಿ ಆಮೇಲೆ ಬಡದೇಶಗಳಿಗೆ ಇಳಿಯುತ್ತದೆ ಎಂದು ಅರ್ಥಶಾಸ್ತ್ರಜ್ಞ ರೇಮಂಡ್ ವರ್ನನ್ 1966ರಲ್ಲಿ ಬರೆದಿದ್ದರು. ಇಲ್ಲಿ ನೀರು ಏರಿಗೇ ಹರಿಯಿತು.

ಮುಂಬೈ ಹೊರಟಿತು ಸ್ವಿಟ್ಜರ್ಲೆಂಡಿಗೆ
ಸ್ವಿಸ್ ಕಂಪನಿ ಗೋರೆಗಾಂವ್‌ಗೆ ಬಂದು ನಾಲ್ಕು ದಶಕವಾದ ಮೇಲೆ, ಅಂಧೇರಿಯ ಗ್ಲೆನ್‌ಮಾರ್ಕ್ ಸ್ವಿಟ್ಜರ್ಲೆಂಡಿನ ಲಾ ಶೋ-ದ-ಫೋನ್‌ನಲ್ಲಿ ಲ್ಯಾಬ್ ಕಟ್ಟಿತು. ಜೈವಿಕ ಔಷಧಿ ಬಲ್ಲ ಪರಿಣತರು ಅಲ್ಲಿದ್ದರು. ಆ ಸಮೂಹದ ಐಜಿಐ ಕಂಪನಿ 2025ರಲ್ಲಿ ರಕ್ತದ ಕ್ಯಾನ್ಸರಿನ ಪ್ರಾಯೋಗಿಕ ಔಷಧವೊಂದಕ್ಕೆ ಅಮೆರಿಕದ ಆ್ಯಬ್‌ವಿಗೆ ಪರವಾನಗಿ ಕೊಟ್ಟಾಗ ಮುಂಗಡವೇ 70 ಕೋಟಿ ಡಾಲರ್. ಬಾಂದ್ರಾದ ಪಕ್ಕದ ಸಾಂತಾಕ್ರೂಜ್‌ನಲ್ಲಿ ಪ್ರಧಾನ ಕಚೇರಿ ಇರುವ ಲುಪಿನ್ ಕೂಡ ಉಸಿರಿನಲ್ಲಿ ಸೇದುವ ಔಷಧಿಗಳ ಸಂಶೋಧನೆಗೆ ಅಮೆರಿಕದ ಫ್ಲೋರಿಡಾಕ್ಕೆ ಹೋಯಿತು. ಪರದೇಶದ ಲ್ಯಾಬ್ ಈಗ ಪಶ್ಚಿಮದವರ ಗುತ್ತಿಗೆಯಲ್ಲ.

ಬಂದವರು ಹೋಗಲೂಬಹುದು
ಬೆಂಗಳೂರಿನಲ್ಲಿ ಕ್ಷಯರೋಗದ ಔಷಧಿ ಹುಡುಕುತ್ತಿದ್ದ ಆಸ್ಟ್ರಜೆನೆಕಾ ಕೇಂದ್ರವನ್ನು 2014ರಲ್ಲಿ ಮುಚ್ಚಲು ಕಂಪನಿ ತೀರ್ಮಾನಿಸಿತು. ಕ್ಷಯ, ಮಲೇರಿಯಾ ಬಿಟ್ಟು ಕ್ಯಾನ್ಸರ್, ಹೃದ್ರೋಗ, ಉಸಿರಾಟದ ಕಾಯಿಲೆಗಳತ್ತ ಗಮನ ಕೊಡುವುದು ಅದರ ಜಾಗತಿಕ ನಿರ್ಧಾರ. ಕೇಂದ್ರ ಹೋಯಿತು, ಜನ ಉಳಿದರು. ಅಲ್ಲಿಯ ವಿಜ್ಞಾನಿಗಳಲ್ಲಿ ಕೆಲವರು ಬೆಂಗಳೂರಿನಲ್ಲೇ ನಿರ್ಲಕ್ಷಿತ ರೋಗಗಳ ಸಂಶೋಧನೆಗೆ ಎಫ್‌ಎನ್‌ಡಿಆರ್ ಎಂಬ ಪ್ರತಿಷ್ಠಾನ ಕಟ್ಟಿ ಕೆಲಸ ಮುಂದುವರಿಸಿದರು.

ಖರ್ಚಿನ ಮೇಲೆ ಲಾಭ, ಹಕ್ಕು ಅವರದು
ವಿದೇಶಿ ಕಂಪನಿಯ ಭಾರತೀಯ ಲ್ಯಾಬ್ ಸಾಮಾನ್ಯವಾಗಿ ಗುತ್ತಿಗೆ ಸಂಶೋಧಕ. ಆದ ಖರ್ಚು ಮತ್ತು ಅದರ ಮೇಲೊಂದಿಷ್ಟು ಲಾಭವನ್ನು ತಾಯಿ ಕಂಪನಿ ಕೊಡುತ್ತದೆ. ಕಂಡುಹಿಡಿದದ್ದರ ಹಕ್ಕು ತಾಯಿ ಕಂಪನಿಗೆ. ಹೆಚ್ಚಿನ ಅಪಾಯ ಹೊರದ ಇಂಥ ಕೆಲವು ಸಂಸ್ಥೆಗಳು ಖರ್ಚಿನ ಮೇಲೆ ಶೇ. 24 ಲಾಭ ತೋರಿಸಿದರೆ ಆದಾಯ ತೆರಿಗೆಯವರು ತಕರಾರು ತೆಗೆಯುವುದಿಲ್ಲ ಎಂದು 2017ರ ನಿಯಮ ಹೇಳಿತು. ಕೋಟಿ ಗಳಿಸುವ ಔಷಧಿ ಹುಟ್ಟಿದರೂ ಲ್ಯಾಬಿಗೆ ಸಿಗುವುದು ಖರ್ಚಿನ ಲೆಕ್ಕದ ದುಡ್ಡೇ.

ಮೊದಲು ಇಲ್ಲಿ ಅರ್ಜಿ ಹಾಕಿ
ಭಾರತದಲ್ಲಿ ವಾಸಿಸುವ ಸಂಶೋಧಕ ತನ್ನ ಆವಿಷ್ಕಾರಕ್ಕೆ ನೇರವಾಗಿ ಹೊರದೇಶದಲ್ಲಿ ಪೇಟೆಂಟ್ ಅರ್ಜಿ ಹಾಕುವಂತಿಲ್ಲ. ಪೇಟೆಂಟ್ ಕಾಯ್ದೆಯ 39ನೇ ಕಲಂ ಪ್ರಕಾರ ಮೊದಲು ಇಲ್ಲಿ ಅರ್ಜಿ ಹಾಕಿ ಆರು ವಾರ ಕಾಯಬೇಕು, ಇಲ್ಲವೇ ಅನುಮತಿ ಪಡೆಯಬೇಕು. ಮುಂಬೈಯವರಿಗೆ ಕಚೇರಿ ಅಂಟಾಪ್ ಹಿಲ್‌ನ ಬೌದ್ಧಿಕ ಸಂಪದಾ ಭವನ. ಬೆಂಗಳೂರಿನವರಿಗೆ ಚೆನ್ನೈ!

ಲೆಕ್ಕದ ಪುಸ್ತಕ
ಬಹುರಾಷ್ಟ್ರೀಯ ಕಂಪನಿಗಳ 1,700ಕ್ಕೂ ಹೆಚ್ಚು ಜಾಗತಿಕ ಕೇಂದ್ರಗಳು ಭಾರತದಲ್ಲಿವೆ, ಅಲ್ಲಿ ಸುಮಾರು 19 ಲಕ್ಷ ಜನ ದುಡಿಯುತ್ತಾರೆ ಎಂದು 2024ರ ನಾಸ್ಕಾಂ-ಜಿನ್ನೋವ್ ವರದಿ ಲೆಕ್ಕ ಕೊಟ್ಟಿತು. ಎಲ್ಲವೂ ಸಂಶೋಧನೆಯಲ್ಲ, ಲೆಕ್ಕಪತ್ರ ನೋಡುವವರೂ ಇದ್ದಾರೆ. ಇಷ್ಟೆಲ್ಲ ಇದ್ದೂ ದೇಶ ಸಂಶೋಧನೆಗೆ ಮಾಡುವ ಒಟ್ಟು ಖರ್ಚು 2020-21ರಲ್ಲಿ ಜಿಡಿಪಿಯ ಶೇ. 0.64. ದಕ್ಷಿಣ ಕೊರಿಯಾದಲ್ಲಿ ಅದು ಶೇ. 4 ದಾಟಿದೆ. ಪರರ ಲ್ಯಾಬುಗಳನ್ನು ಎಣಿಸಿ ಬೀಗುವ ಮೊದಲು ನೋಡಬೇಕಾದ ಅಂಕಿ ಇದು.

ಇನ್ನು ನಿಮ್ಮ ಸರದಿ
ಇಂಥ ಕಂಪನಿ ಇಂಥ ಊರಿನಲ್ಲಿ ಆರ್ ಅಂಡ್ ಡಿ ಕೇಂದ್ರ ತೆರೆಯಲಿದೆ, ಇಷ್ಟು ಸಾವಿರ ಕೆಲಸ ಎಂಬ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಅವರು ಬಂದದ್ದು ತಲೆಗಾಗಿಯೋ, ಮಾರುಕಟ್ಟೆಗಾಗಿಯೋ, ತೆರಿಗೆಗಾಗಿಯೋ? ಕಂಪನಿ ಕೈಬದಲಾದರೆ ಲ್ಯಾಬ್ ಉಳಿಯುತ್ತದೆಯೇ? ಪೇಟೆಂಟ್ ಯಾರ ಹೆಸರಿನಲ್ಲಿ? ಮೂರನೆಯದಕ್ಕೆ ಉತ್ತರ ಹುಡುಕುವುದು ಸುಲಭ. ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಸಂಶೋಧಕರ ಹೆಸರು ಒಂದು ಕಡೆ, ಅರ್ಜಿದಾರರ ಹೆಸರು ಇನ್ನೊಂದು ಕಡೆ ಇರುತ್ತದೆ. ಹುಡುಕಲು ಶುಲ್ಕವಿಲ್ಲ.